ಸಹಿ ಹಾಕುವ ಮೊದಲು: ಸಿವಿಲ್ ಇಂಜಿನಿಯರಿಂಗ್ ವೃತ್ತಿ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯವು, ಒಂದು ಕೊಪ್ಪದ್ದು. ಹೆಸರು ಹಾಕಬೇಡಿ ಎಂದು ಹಲವರು ಕೇಳಿರುವುದರಿಂದ ಎಲ್ಲರದ್ದೂ ಊರು ಮಾತ್ರ ಕೊಟ್ಟಿದ್ದೇವೆ. ಉತ್ತರಿಸಿದವರು ಸ್ಟ್ರಕ್ಚರಲ್ ವಿನ್ಯಾಸ, ಗುಣಮಟ್ಟ ಪರೀಕ್ಷೆ ಮತ್ತು ಸೈಟ್ ನಿರ್ವಹಣೆ ಬಲ್ಲವರು.

ಡಿಪ್ಲೊಮಾ ಸಿವಿಲ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಎರಡು ವರ್ಷದಿಂದ ಅಡಿಕೆಗೆ ಕೊಳೆ ಬಂದು ಮನೆಯಲ್ಲಿ ಕೈ ಬಿಗಿಯಾಗಿದೆ. ಕೆಲಸಕ್ಕೆ ಸೇರಲೋ, ಬಿ.ಇ. ಮಾಡಲೋ? ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಬಿ.ಇ. ಮಾಡಬಹುದು ಅಂತ ಒಬ್ಬರು ಫೋನ್ ಮಾಡ್ತಾನೇ ಇದಾರೆ. — ಸಾಗರ

ಮೊದಲು ಆ ಫೋನ್ ನಂಬರನ್ನು ಬ್ಲಾಕ್ ಮಾಡಿ. ಇಂಜಿನಿಯರಿಂಗ್ ಪದವಿಯನ್ನು ಅಂಚೆ ಮೂಲಕ ಪಡೆಯಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲೇ ಹೇಳಿದೆ. ಅಂಥ ಪ್ರಮಾಣಪತ್ರಕ್ಕೆ ಕೊಟ್ಟ ದುಡ್ಡು ಹೊಳೆಗೆ ಹಾಕಿದಂತೆ.

ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಸಂಸ್ಥೆ ನಡೆಸುವ ಎಎಂಐಇ ಪರೀಕ್ಷೆಯ ಬಗ್ಗೆಯೂ ಯಾರಾದರೂ ಹೇಳಿರಬಹುದು. ಹಿಂದೆ ಡಿಪ್ಲೊಮಾದವರು ಕೆಲಸ ಮಾಡುತ್ತಲೇ ಅದರ ಸೆಕ್ಷನ್ ಎ ಮತ್ತು ಬಿ ಬರೆದು ಬಡ್ತಿ ಪಡೆಯುತ್ತಿದ್ದರು. ಕೇಂದ್ರ ಸರ್ಕಾರದ ಆದೇಶದ ಪ್ರಕಾರ 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗಷ್ಟೇ ಅದು ಪದವಿಗೆ ಸಮಾನ. ಈಗ ಸೇರುವವರು ಸರ್ಕಾರಿ ಹುದ್ದೆಗೆ ಅದನ್ನು ನಂಬಿ ಕೂರಬೇಡಿ.

ನಿಮಗಿರುವ ನೇರ ದಾರಿ ಡಿಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದರೆ ಬಿ.ಇ. ಎರಡನೇ ವರ್ಷಕ್ಕೆ ನೇರ ಪ್ರವೇಶ ಸಿಗುತ್ತದೆ, ಮೂರು ವರ್ಷದಲ್ಲಿ ಪದವಿ ಮುಗಿಯುತ್ತದೆ. ಸರ್ಕಾರಿ ಕಾಲೇಜು ಅಥವಾ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕರೆ ಈ ವರ್ಷವೇ ಸೇರಿ. ಆಡಳಿತ ಮಂಡಳಿ ಸೀಟಿಗೆ ಸಾಲ ಮಾಡುವ ಸ್ಥಿತಿ ಬಂದರೆ ಮಾತ್ರ ಒಂದು ವರ್ಷ ಕೆಲಸ ಮಾಡಿಕೊಂಡು ಮತ್ತೆ ಡಿಸಿಇಟಿ ಬರೆಯಿರಿ. ಒಂದಕ್ಕಿಂತ ಹೆಚ್ಚು ವರ್ಷ ಬಿಟ್ಟರೆ ಮಾತ್ರ ಗಣಿತ ಕೈ ತಪ್ಪಿಹೋಗುತ್ತದೆ. ಮೂರನೇ ಸೆಮಿಸ್ಟರ್‌ಗೆ ನೇರ ಬಂದ ಡಿಪ್ಲೊಮಾ ವಿದ್ಯಾರ್ಥಿಗಳು ಮುಗ್ಗರಿಸುವುದು ಗಣಿತದಲ್ಲಿ. ಸರ್ವೆ, ಎಸ್ಟಿಮೇಶನ್‌ನಲ್ಲಿ ಅವರು ಪಿಯುಸಿಯಿಂದ ಬಂದವರಿಗಿಂತ ಮುಂದಿರುತ್ತಾರೆ.

ಡಿಪ್ಲೊಮಾದಲ್ಲೇ ನಿಂತರೂ ಬಾಗಿಲು ಮುಚ್ಚುವುದಿಲ್ಲ. ಕಿರಿಯ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಸಾಕು. ಆದರೆ ಸಹಾಯಕ ಇಂಜಿನಿಯರ್ ಹುದ್ದೆಗೆ ನೇರ ಅರ್ಜಿ, ವಿನ್ಯಾಸಕ್ಕೆ ಸಹಿ ಹಾಕುವ ನೋಂದಣಿ, ಎಂ.ಟೆಕ್. ಇವಕ್ಕೆಲ್ಲ ಪದವಿ ಬೇಕೇ ಬೇಕು.

ಬಿ.ಇ. ಮುಗಿಸಿ ಒಂದು ವರ್ಷ ಆಯ್ತು. ಅಪಾರ್ಟ್‌ಮೆಂಟ್ ಸೈಟ್‌ನಲ್ಲಿದ್ದೇನೆ. ಸಿಮೆಂಟ್ ಚೀಲ ಎಣಿಸೋದು, ಲೇಬರ್ ಹಾಜರಿ ಬರೆಯೋದು, ವಾಟ್ಸಾಪ್‌ಗೆ ಫೋಟೊ ಹಾಕೋದು, ಇಷ್ಟೇ ಕೆಲಸ. ಚಾರ್ಟರ್ಡ್ ಇಂಜಿನಿಯರ್, ಪ್ರೊಫೆಷನಲ್ ಇಂಜಿನಿಯರ್ ಅಂತಾರಲ್ಲ, ಅಲ್ಲಿಗೆ ಹೋಗೋದು ಹೇಗೆ? — ಶಿವಮೊಗ್ಗ

ವಕೀಲರಿಗೆ 1961ರ ಕಾಯ್ದೆ ಇದೆ, ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ. ಸಿವಿಲ್ ಇಂಜಿನಿಯರ್‌ಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಪರವಾನಗಿ ಇಲ್ಲ. ಪದವಿ ಬಂದ ದಿನವೇ ಯಾರು ಬೇಕಾದರೂ ಬೋರ್ಡ್ ಹಾಕಬಹುದು, ಹಾಕುತ್ತಲೂ ಇದ್ದಾರೆ. ಇದು ಒಳ್ಳೆಯ ಸ್ಥಿತಿಯಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಸದ್ಯಕ್ಕೆ ಇರುವ ಮೆಟ್ಟಿಲು ಎರಡು. ಒಂದು, ಮಹಾನಗರ ಪಾಲಿಕೆ, ನಗರಾಭಿವೃದ್ಧಿ ಪ್ರಾಧಿಕಾರಗಳಂಥ ಸ್ಥಳೀಯ ಸಂಸ್ಥೆಗಳಲ್ಲಿ ನೋಂದಣಿ. ಇದಾದರೆ ಆ ವ್ಯಾಪ್ತಿಯಲ್ಲಿ ಕಟ್ಟಡ ನಕ್ಷೆಗೆ ಸಹಿ ಹಾಕಬಹುದು. ಇನ್ನೊಂದು, 1920ರಲ್ಲಿ ಹುಟ್ಟಿ 1935ರಲ್ಲಿ ರಾಯಲ್ ಚಾರ್ಟರ್ ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಸಂಸ್ಥೆಯ ಕಾರ್ಪೊರೇಟ್ ಸದಸ್ಯತ್ವ, ಅದರ ಮೇಲೆ ಚಾರ್ಟರ್ಡ್ ಇಂಜಿನಿಯರ್, ಪ್ರೊಫೆಷನಲ್ ಇಂಜಿನಿಯರ್ ಮನ್ನಣೆ. ಅಂತರರಾಷ್ಟ್ರೀಯ ಪ್ರೊಫೆಷನಲ್ ಇಂಜಿನಿಯರ್ ಪಟ್ಟಿಗೆ ಪದವಿಯ ನಂತರ 7 ವರ್ಷದ ಅನುಭವ ಬೇಕು, ಅದರಲ್ಲಿ ಕನಿಷ್ಠ 2 ವರ್ಷ ಮಹತ್ವದ ಕೆಲಸವೊಂದರ ಹೊಣೆಯನ್ನು ನೀವೇ ಹೊತ್ತಿರಬೇಕು.

ಆ 2 ವರ್ಷವನ್ನು ತೋರಿಸುವಲ್ಲೇ ಹೆಚ್ಚಿನವರ ಅರ್ಜಿ ಸೊರಗುವುದು. ಏಳು ವರ್ಷ ದುಡಿದಿರುತ್ತಾರೆ, ಕಾಗದದಲ್ಲಿ ಏನೂ ಉಳಿದಿರುವುದಿಲ್ಲ. ಅನುಭವ ಪತ್ರದಲ್ಲಿ ‘ಸೈಟ್ ಇಂಜಿನಿಯರ್ ಆಗಿದ್ದರು, ನಡತೆ ಉತ್ತಮ’ ಎಂಬ ಒಂದೇ ಸಾಲು. ಆದ್ದರಿಂದ ಈ ವಾರವೇ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಕೊಳ್ಳಿ. ಬರೆಯಬೇಕಾದ್ದು ಇಷ್ಟು: ದಿನಾಂಕ, ನಕ್ಷೆಯ ಸಂಖ್ಯೆ ಮತ್ತು ಅದು ಎಷ್ಟನೇ ತಿದ್ದುಪಡಿ, ಕಂಡದ್ದು ಏನು, ನೀವು ತೀರ್ಮಾನಿಸಿದ್ದು ಏನು, ಯಾವ ಲೆಕ್ಕ ಅಥವಾ ಸಂಹಿತೆಯ ಆಧಾರದ ಮೇಲೆ, ಯಾರಿಗೆ ತಿಳಿಸಿದಿರಿ, ಮುಂದೇನಾಯಿತು. ‘ಸಿ7 ಕಾಲಂ, ತುದಿಯಲ್ಲಿ ರಿಂಗ್ ಅಂತರ ನಕ್ಷೆಯಲ್ಲಿ 100 ಮಿ.ಮೀ., ಕಟ್ಟಿದ್ದು 150. ಕಾಂಕ್ರೀಟ್ ನಿಲ್ಲಿಸಿ ನಾಲ್ಕು ರಿಂಗ್ ಸೇರಿಸಿದ್ದು, ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇಮೇಲ್’ — ಇಂಥ ಒಂದು ನಮೂದು ಒಂದು ಪುಟದ ಹೊಗಳಿಕೆಗಿಂತ ಹೆಚ್ಚು ಬೆಲೆಬಾಳುತ್ತದೆ. ತಿಂಗಳಿಗೊಮ್ಮೆ ಮೇಲಿನ ಇಂಜಿನಿಯರ್ ಹತ್ತಿರ ಓದಿಸಿ ಸಹಿ ಹಾಕಿಸಿಕೊಳ್ಳಿ. ಅವರು ಕೆಲಸ ಬಿಟ್ಟುಹೋದ ಮೇಲೆ ಹುಡುಕಿಕೊಂಡು ಹೋಗುವುದು ಆಗದ ಮಾತು.

ನೋಟ್‌ಬುಕ್ ಒಂದೇ ಬದಿಗೆ ವಾಲದಿರಲು 1818ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಇಂಜಿನಿಯರ್ಸ್ ತನ್ನ ಅಭ್ಯರ್ಥಿಗಳಲ್ಲಿ ನೋಡುವ ಏಳು ಗುಣಗಳನ್ನು ಶೀರ್ಷಿಕೆಗಳಾಗಿ ಇಟ್ಟುಕೊಳ್ಳಬಹುದು: ಇಂಜಿನಿಯರಿಂಗ್ ತಿಳಿವಳಿಕೆ ಮತ್ತು ಬಳಕೆ, ಕೆಲಸ ನಡೆಸುವ ಶಕ್ತಿ, ಹಣಕಾಸು ಮತ್ತು ಕರಾರಿನ ಅರಿವು, ಸುರಕ್ಷತೆ ಮತ್ತು ಆರೋಗ್ಯ, ಸುಸ್ಥಿರತೆ, ಮಾತು-ಬರಹ, ವೃತ್ತಿನಿಷ್ಠೆ. ನಮ್ಮ ಹುಡುಗರ ಪುಸ್ತಕದಲ್ಲಿ ಮೂರನೆಯದು ಸದಾ ಖಾಲಿ. ಬಿಲ್ಲು ‘ಆಫೀಸಿನವರು ನೋಡ್ಕೊಳ್ತಾರೆ’ ಎಂಬ ಭಾವನೆ.

ಇನ್ನು ಚೀಲ ಎಣಿಸುವ ವಿಷಯ. ಎಣಿಕೆಯನ್ನು ಅಲ್ಲಿಗೇ ಬಿಡಬೇಡಿ, ಲೆಕ್ಕಕ್ಕೆ ತನ್ನಿ. 12 ಮೀ. × 9 ಮೀ. ತಾರಸಿ, ದಪ್ಪ 125 ಮಿ.ಮೀ. ಎಂದುಕೊಳ್ಳಿ. ಬೀಮ್ ಬಿಟ್ಟು 13.5 ಘನ ಮೀಟರ್. ಮಿಕ್ಸ್ ಡಿಸೈನ್‌ನಲ್ಲಿ ಘನ ಮೀಟರ್‌ಗೆ 340 ಕಿ.ಗ್ರಾಂ. ಸಿಮೆಂಟ್ ಇದ್ದರೆ 4,590 ಕಿ.ಗ್ರಾಂ., ಅಂದರೆ 92 ಚೀಲ. ಸಂಜೆ ಸ್ಟೋರ್ ಪುಸ್ತಕದಲ್ಲಿ 80 ಚೀಲ ಎಂದಿದ್ದರೆ ಘನ ಮೀಟರ್‌ಗೆ 296 ಕಿ.ಗ್ರಾಂ. ಮಾತ್ರ ಬಿದ್ದಿದೆ. ಆರ್‌ಸಿಸಿಗೆ ಭಾರತೀಯ ಮಾನಕ ಐಎಸ್ 456:2000 ಹೇಳುವ ಕನಿಷ್ಠ 300ಕ್ಕಿಂತಲೂ ಅದು ಕಡಿಮೆ. ಚೀಲ ಎಣಿಸುವವನಿಗೆ ಮಾತ್ರ ಇದು ಅದೇ ದಿನ ಗೊತ್ತಾಗಲು ಸಾಧ್ಯ.

ಈ ವರ್ಷ ಕೈಗೆ ಹತ್ತಿಸಿಕೊಳ್ಳಬೇಕಾದವು ಇನ್ನೂ ಮೂರು. ಆಟೊ ಲೆವೆಲ್‌ನಲ್ಲಿ ಮಟ್ಟ ತೆಗೆದು, ಹೊರಟ ಬೆಂಚ್‌ಮಾರ್ಕ್‌ಗೇ (ಮಟ್ಟ ಗೊತ್ತಿರುವ ಗುರುತಿಗೆ) ಬಂದು ಮುಚ್ಚುವುದು. ಬ್ಯಾಕ್‌ಸೈಟ್ (ಉಪಕರಣ ಇಟ್ಟ ಮೇಲಿನ ಮೊದಲ ಓದು) ಮೊತ್ತದಲ್ಲಿ ಫೋರ್‌ಸೈಟ್ (ಉಪಕರಣ ಎತ್ತುವ ಮೊದಲಿನ ಕೊನೆಯ ಓದು) ಮೊತ್ತ ಕಳೆದರೆ ಕೊನೆಯ ಮತ್ತು ಮೊದಲ ಮಟ್ಟಗಳ (ಆರ್‌ಎಲ್) ವ್ಯತ್ಯಾಸ ಬರಲೇಬೇಕು. ಆದರೆ ಇದರಿಂದ ಗೊತ್ತಾಗುವುದು ಕೂಡು-ಕಳೆಯುವಿಕೆಯ ತಪ್ಪು ಮಾತ್ರ. ಅಳತೆಗೋಲನ್ನು (ಸ್ಟಾಫ್) ತಪ್ಪಾಗಿ ಓದಿದ್ದು ಬೆಂಚ್‌ಮಾರ್ಕ್‌ಗೆ ಮರಳಿದಾಗಲೇ ಸಿಕ್ಕಿಬೀಳುವುದು. ಎರಡನೆಯದು ಬಾರ್ ಬೆಂಡಿಂಗ್ ಪಟ್ಟಿಯನ್ನು ನೀವೇ ಮಾಡುವುದು. ಕಂಬಿಯ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರ್‌ಗೆ ಎಷ್ಟು ಕಿ.ಗ್ರಾಂ. ಎಂದು ಸಿಗುತ್ತದೆ: 8 ಮಿ.ಮೀ.ಗೆ 0.395, 12ಕ್ಕೆ 0.89, 16ಕ್ಕೆ 1.58. ಲಾರಿಯಿಂದ ಇಳಿದ ಕಂಬಿಯ ಒಂದು ಮೀಟರ್ ತುಂಡು ತೂಗಿ ನೋಡಿದರೆ ರೋಲಿಂಗ್‌ನಲ್ಲಿ ಎಷ್ಟು ಸಣ್ಣ ಬಂದಿದೆ ಎಂದು ಕಾಣುತ್ತದೆ.

ಮೂರನೆಯದು ಅಳತೆ. ಐಎಸ್ 1200 ಪ್ರಕಾರ ಗಾರೆಯ ಅಳತೆಯಲ್ಲಿ 0.5 ಚದರ ಮೀಟರ್‌ವರೆಗಿನ ಕಿಂಡಿಗೆ ಕಳೆಯುವಂತಿಲ್ಲ. 0.5ರಿಂದ 3ರವರೆಗಿದ್ದರೆ ಒಂದು ಮುಖ ಮಾತ್ರ ಕಳೆಯಬೇಕು, ಪಕ್ಕದ ಅಂಚು ಸೇರಿಸುವಂತಿಲ್ಲ. 3ಕ್ಕಿಂತ ದೊಡ್ಡದಾದರೆ ಎರಡೂ ಮುಖ ಕಳೆದು ಅಂಚು ಸೇರಿಸಬೇಕು. 1.0 × 2.1 ಮೀಟರ್ ಬಾಗಿಲಿಗೆ ಎರಡೂ ಕಡೆ ಕಳೆದ ಇಂಜಿನಿಯರ್ ಜೊತೆ ಗಾರೆಯವನು ಜಗಳಕ್ಕೆ ಬಂದರೆ ನ್ಯಾಯ ಗಾರೆಯವನ ಕಡೆಗಿದೆ.

ಎರಡು ವರ್ಷದ ಮೇಲೂ ಇದೇ ಸೈಟ್, ಇದೇ ಹಾಜರಿ ಎಂದಾದರೆ ಸಂಬಳ ಸ್ವಲ್ಪ ಕಡಿಮೆಯಾದರೂ ವಿನ್ಯಾಸದ ಕಚೇರಿಗೋ ಸೇತುವೆ ಕೆಲಸಕ್ಕೋ ಬದಲಾಯಿಸಿ.

ಎಂ25 ತಾರಸಿ, ಅಂದ್ರೆ ಕಾಂಕ್ರೀಟ್ ಕ್ಯೂಬ್ 28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ತಡೀಬೇಕು. ಮಾರ್ಚ್‌ನಲ್ಲಿ ಕ್ಯೂಬ್‌ಗಳ ಶಕ್ತಿ 29 ಬಂದಿತ್ತು. ಜೂನ್‌ನಲ್ಲಿ ಅದೇ ಸಿಮೆಂಟ್, ಅದೇ ಅಳತೆ, ಅದೇ ಮೇಸ್ತ್ರಿ, ಆದ್ರೆ 28 ದಿನಕ್ಕೆ 20 ಬಂತು. ಕಂಟ್ರಾಕ್ಟರ್ ಲ್ಯಾಬ್‌ನವರದೇ ತಪ್ಪು ಅಂತಾರೆ. ನಾನು ಹೊಸಬಳು, ಏನು ಹೇಳ್ಬೇಕು ಗೊತ್ತಾಗ್ತಿಲ್ಲ. — ತೀರ್ಥಹಳ್ಳಿ

ಅಳತೆ ಅದೇ ಆಗಿದ್ದರಿಂದಲೇ ಹೀಗಾಗಿರುವ ಸಾಧ್ಯತೆ ಹೆಚ್ಚು. ನಿಮ್ಮ ಊರಿನ ಮಳೆಯಲ್ಲಿ ತೆರೆದು ಬಿಟ್ಟ ಮರಳು ತನ್ನೊಳಗೇ ನೀರು ಹೊತ್ತು ಮಿಕ್ಸರ್‌ಗೆ ಬರುತ್ತದೆ, ಆ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಒಂದು ಚೀಲದ ಲೆಕ್ಕ ಹೀಗಿದೆ. ಸಿಮೆಂಟ್ 50 ಕಿ.ಗ್ರಾಂ., ನೀರು-ಸಿಮೆಂಟ್ ಅನುಪಾತ 0.50, ಆದ್ದರಿಂದ ನೀರು 25 ಲೀಟರ್. ಎಂ-ಸ್ಯಾಂಡ್ 100 ಕಿ.ಗ್ರಾಂ. ಮಳೆಗಾಲದ ರಾಶಿಯಿಂದ 500 ಗ್ರಾಂ ತೆಗೆದು ಬಾಣಲೆಯಲ್ಲಿ ಹುರಿದು ಒಣಗಿಸಿ ತೂಗಿ. 470 ಗ್ರಾಂ ಉಳಿದರೆ ಹೋದ ನೀರು 30 ಗ್ರಾಂ, ಅಂದರೆ ಶೇ. 6.4. ಮರಳು ತಾನೇ ಹೀರಿಕೊಳ್ಳುವುದು ಶೇ. 2 ಎಂದು ಲ್ಯಾಬ್ ವರದಿಯಲ್ಲಿದ್ದರೆ ಉಳಿದ ಶೇ. 4.4 ಕಾಂಕ್ರೀಟಿಗೆ ಸೇರುವ ನೀರು, 100 ಕಿ.ಗ್ರಾಂ.ಗೆ ಸುಮಾರು 4.4 ಲೀಟರ್. ಮೇಸ್ತ್ರಿ ಮಾರ್ಚ್‌ನ ಹಾಗೆ 25 ಲೀಟರ್ ಸುರಿದರೆ ಒಟ್ಟು 29.4 ಲೀಟರ್, ಅನುಪಾತ 0.59. ಜಲ್ಲಿಯ ಮೈಮೇಲಿನ ನೀರು ಇದರ ಮೇಲೆ. ಸುರಿಯಬೇಕಾದ್ದು 20.6 ಲೀಟರ್ ಮಾತ್ರ, ಮರಳನ್ನು ತೂಗುವಾಗ 104 ಕಿ.ಗ್ರಾಂ. ತೆಗೆದುಕೊಳ್ಳಬೇಕು.

ತೂಕದ ಬದಲು ಪೆಟ್ಟಿಗೆ ಅಳತೆಯಿದ್ದರೆ ಇನ್ನೊಂದು ತೊಡಕು ಸೇರುತ್ತದೆ. ತೇವದ ಮರಳು ಉಬ್ಬುತ್ತದೆ. ಗಾಜಿನ ಜಾಡಿಯಲ್ಲಿ ತೇವದ ಮರಳನ್ನು 200 ಮಿ.ಮೀ.ವರೆಗೆ ತುಂಬಿ, ಹೊರಗೆ ಸುರಿದುಕೊಂಡು, ಜಾಡಿಗೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ಹಾಕಿ ಕಲಕಿ ಬಿಡಿ. ಮರಳಿನ ಮಟ್ಟ 160ಕ್ಕೆ ಇಳಿದರೆ ಉಬ್ಬು ಶೇ. 25. ಪೆಟ್ಟಿಗೆ ತುಂಬಿ ಕಂಡರೂ ಮರಳು ಅಷ್ಟು ಬಿದ್ದಿರುವುದಿಲ್ಲ, ಜಲ್ಲಿ ಎದ್ದು ಕಾಣುವ ಕಾಂಕ್ರೀಟ್ ಬರುತ್ತದೆ. ಆಗ ಮೇಸ್ತ್ರಿ ‘ಓಡ್ತಾ ಇಲ್ಲ’ ಎಂದು ಇನ್ನೊಂದು ಬಕೆಟ್ ನೀರು ಹಾಕುತ್ತಾನೆ.

ಲ್ಯಾಬ್ ಬಗ್ಗೆ ಹೇಳುವುದಾದರೆ, ಕಂಟ್ರಾಕ್ಟರ್ ಮಾತನ್ನು ತಳ್ಳಿಹಾಕುವ ಮೊದಲು ನಿಮ್ಮ ಕ್ಯೂಬ್ ಮಾಡುವ ಕ್ರಮ ಸರಿಯಿದೆಯೇ ನೋಡಿಕೊಳ್ಳಿ. 150 ಮಿ.ಮೀ. ಅಚ್ಚು, ಮೂರು ಪದರ, ಪದರಕ್ಕೆ 16 ಮಿ.ಮೀ. ಕಂಬಿಯಿಂದ 35 ಪೆಟ್ಟು. 24 ಗಂಟೆ ಅಲುಗಾಡಿಸದೆ ಒದ್ದೆ ಗೋಣಿ ಮುಚ್ಚಿ ಇಡಬೇಕು, ಮಳೆ ಹನಿ ನೇರ ಬೀಳಬಾರದು. ಆಮೇಲೆ ನೀರಿನ ತೊಟ್ಟಿ. ಹಸಿ ಕ್ಯೂಬನ್ನು ಅದೇ ಸಂಜೆ ಪಿಕಪ್‌ನಲ್ಲಿ ಶಿವಮೊಗ್ಗಕ್ಕೆ ಕಳಿಸಿದರೆ ದಾರಿಯ ಕುಲುಕಾಟಕ್ಕೇ ಅದು ಕೆಡುತ್ತದೆ. ಮೂರು ಕ್ಯೂಬ್‌ಗಳಲ್ಲಿ ಯಾವುದಾದರೂ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ಆಚೀಚೆ ಇದ್ದರೆ ಮಾಡಿದ್ದರಲ್ಲೋ ಒಡೆದಿದ್ದರಲ್ಲೋ ದೋಷವಿದೆ. ಮೂರೂ 20ರ ಆಸುಪಾಸು ಒಟ್ಟಿಗೆ ಬಂದಿದ್ದರೆ ದೋಷ ಕಾಂಕ್ರೀಟಿನಲ್ಲಿರುವುದೇ ಹೆಚ್ಚು.

ಈಗಿನ ತಾರಸಿಗೆ ಮುಂದಿನ ಹೆಜ್ಜೆ ಕೋರ್ ಪರೀಕ್ಷೆ, ಅಂದರೆ ಗಟ್ಟಿಯಾದ ಕಾಂಕ್ರೀಟಿನಿಂದ ಕೊರೆದು ತೆಗೆದ ತುಂಡನ್ನು ಒಡೆದು ನೋಡುವುದು. ರಿಬೌಂಡ್ ಹ್ಯಾಮರ್ ಹೊಡೆದು ದುರ್ಬಲ ಜಾಗ ಗುರುತಿಸಿ, ಕಂಬಿ ತಪ್ಪಿಸಿ, ಕನಿಷ್ಠ ಮೂರು ಕೋರ್ ತೆಗೆಸಿ. ಕ್ಯೂಬ್‌ಗೆ ಸಮನಾಗಿಸಿದ ಸರಾಸರಿ ಶಕ್ತಿ ಗ್ರೇಡಿನ ಶೇ. 85 ಇರಬೇಕು, ಯಾವುದೇ ಒಂದು ಕೋರ್ ಶೇ. 75ಕ್ಕಿಂತ ಕೆಳಗೆ ಹೋಗಬಾರದು. ಎಂ25ಕ್ಕೆ ಇವು 21.25 ಮತ್ತು 18.75. ಫಲಿತಾಂಶ ಬರುವವರೆಗೆ ಆ ತಾರಸಿಯ ಮೇಲೆ ಇಟ್ಟಿಗೆ, ಮರಳು ಪೇರಿಸಬೇಡಿ, ಮೇಲಿನ ಅಂತಸ್ತಿಗೆ ಸೆಂಟ್ರಿಂಗ್ ಕಟ್ಟಬೇಡಿ.

ಕಂಟ್ರಾಕ್ಟರ್‌ಗೆ ಏನು ಹೇಳುವುದು? ‘ನೀವು ನೀರು ಜಾಸ್ತಿ ಹಾಕಿದಿರಿ’ ಎಂದರೆ ಜಗಳ. ಬಾಣಲೆ, ತಕ್ಕಡಿ ತಂದು ಅವರ ಎದುರಿಗೇ ಮರಳು ಹುರಿದು ತೋರಿಸಿ. ಅದೇ ಸಂಜೆ ಅಂಕಿಗಳನ್ನು ಒಂದು ಪುಟದಲ್ಲಿ ಬರೆದು ನಿಮ್ಮ ಮೇಲಿನವರಿಗೆ ಕಳಿಸಿ. ಹೊಸಬಳು ಎಂಬುದು ಅಲ್ಲಿ ಅಡ್ಡ ಬರುವುದಿಲ್ಲ. ಮತ್ತು ಮರಳಿನ ರಾಶಿಗೆ ಇವತ್ತೇ ತಾಡಪಾಲು ಹೊದಿಸಿ, ಅಡಿಗೆ ಇಳಿಜಾರು ಮಾಡಿಸಿ.

ನಮ್ಮೂರಲ್ಲಿ ಮನೆ ಹಿಂದಿನ ಧರೆಗೆ ಕಟ್ಟಿದ ಕಾಂಕ್ರೀಟ್ ಗೋಡೆ ಮೂರೇ ಮಳೆಗಾಲಕ್ಕೆ ಮಗುಚಿತು. ಲೆಕ್ಕ ಹಾಕಿಯೇ ಕಟ್ಟಿದ್ದು ಅಂತಾರೆ. ಇದನ್ನೇ ಓದಿ ಇದರಲ್ಲೇ ಕೆಲಸ ಮಾಡಬೇಕು ಅನ್ನಿಸಿದೆ. ದಾರಿ ಹೇಗೆ? — ಕೊಪ್ಪ

ಲೆಕ್ಕ ಹಾಕಿದ್ದು ನಿಜವಿರಬಹುದು, ಒಣ ಮಣ್ಣಿಗೆ. 3 ಮೀಟರ್ ಎತ್ತರದ ಗೋಡೆ, ಹಿಂದಿನ ಮಣ್ಣು ಘನ ಮೀಟರ್‌ಗೆ 18 ಕಿಲೊನ್ಯೂಟನ್, ಒತ್ತಡದ ಗುಣಾಂಕ ಮೂರನೇ ಒಂದು ಎಂದಿಟ್ಟುಕೊಂಡರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಬೀಳುವ ತಳ್ಳು 27 ಕಿಲೊನ್ಯೂಟನ್. ಹಿಂದೆ ನೀರು ಮೇಲಿನವರೆಗೆ ನಿಂತರೆ ಮುಳುಗಿದ ಮಣ್ಣಿನದ್ದು ಸುಮಾರು 15, ನೀರಿನದ್ದೇ 45, ಒಟ್ಟು 60. ಎರಡು ಪಟ್ಟಿಗಿಂತ ಹೆಚ್ಚು. ಗೋಡೆ ಬಿದ್ದದ್ದು ಮಣ್ಣಿನಿಂದಲ್ಲ, ನೀರಿಗೆ ದಾರಿ ಇಲ್ಲದೆ.

ಬಿದ್ದ ಗೋಡೆಯಲ್ಲಿ ಇವನ್ನು ಹುಡುಕಿ: ನೀರು ಬಸಿಯುವ ಕಿಂಡಿ ಇತ್ತೇ? ಇದ್ದರೆ ಹಿಂದೆ ಜಲ್ಲಿಯ ಪದರ ಇತ್ತೇ, ಅಥವಾ ಪೈಪಿನ ಬಾಯಿ ನೇರ ಜೇಡಿಗೆ ತಾಗಿ ಕಟ್ಟಿಕೊಂಡಿತ್ತೇ? 75ರಿಂದ 100 ಮಿ.ಮೀ. ಪೈಪನ್ನು ಒಂದರಿಂದ ಒಂದೂವರೆ ಮೀಟರ್‌ಗೊಂದು ಇಟ್ಟು, ಹಿಂದೆ ಜಲ್ಲಿ ಮತ್ತು ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಕುವ ಖರ್ಚು ಇಡೀ ಗೋಡೆಯ ಮುಂದೆ ಏನೇನೂ ಅಲ್ಲ. ಧರೆಯ ತಲೆಯಲ್ಲಿ ಮಳೆನೀರು ತಿರುಗಿಸುವ ಕಾಲುವೆ ಇಲ್ಲದಿದ್ದರೆ ಇವೂ ಸಾಲವು.

ಮಲೆನಾಡಿಗೆ ಇನ್ನೊಂದು ವಿಶೇಷವಿದೆ. ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಶೇಡಿಯನ್ನು ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೋಡಿದವರು ಮೋಸ ಹೋಗುತ್ತಾರೆ. ನೀರು ಕುಡಿದ ಮೇಲೆ ಅದರ ಶಕ್ತಿ ಕರಗಿ ಕೊಚ್ಚಿಹೋಗುತ್ತದೆ, ಮೇಲಿನ ಗಟ್ಟಿ ಪದರ ಆಧಾರವಿಲ್ಲದೆ ಹಾಳೆ ಹಾಳೆಯಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಜೆಸಿಬಿ ತಂದು ಧರೆ ಕಡಿದು ಸೈಟ್ ಮಾಡುವುದು, ಆಷಾಢದಲ್ಲಿ ಅಳುವುದು, ಪ್ರತಿ ವರ್ಷ ಇದೇ ನಡೆಯುತ್ತಿದೆ.

ಈ ಕ್ಷೇತ್ರದ ಹೆಸರು ಜಿಯೊಟೆಕ್ನಿಕಲ್ ಇಂಜಿನಿಯರಿಂಗ್. ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆ ಬರೆಯಿರಿ: 65 ಪ್ರಶ್ನೆ, 100 ಅಂಕ, 3 ಗಂಟೆ, ಸ್ಕೋರ್ 3 ವರ್ಷ ಊರ್ಜಿತ. ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎರಡರಲ್ಲೂ ಇದನ್ನು ಓದಬಹುದು. ಎಂ.ಟೆಕ್.ಗೆ ಹೋಗುವ ಮೊದಲು ಆರು ತಿಂಗಳಾದರೂ ಮಣ್ಣು ಪರೀಕ್ಷೆ ಮಾಡುವ ಸಂಸ್ಥೆಯಲ್ಲಿ ಬೋರ್‌ಹೋಲ್ ಪಕ್ಕ ನಿಲ್ಲಿ. ಮಣ್ಣಿನ ಗಟ್ಟಿತನ ಅಳೆಯುವ ಎಸ್‌ಪಿಟಿ ಪರೀಕ್ಷೆಯಲ್ಲಿ 63.5 ಕಿ.ಗ್ರಾಂ. ಸುತ್ತಿಗೆ 750 ಮಿ.ಮೀ.ನಿಂದ ಬೀಳಬೇಕು, ಕೊಳವೆ ಮಣ್ಣಿಗಿಳಿಯುವ 450 ಮಿ.ಮೀ.ನಲ್ಲಿ ಮೊದಲ 150 ಮಿ.ಮೀ. ಪೆಟ್ಟು ಬಿಟ್ಟು ಕೊನೆಯ 300ರದ್ದನ್ನು ಎಣಿಸಬೇಕು. ಹಗ್ಗ ಎಳೆಯುವವರು ದಣಿದಾಗ ಸುತ್ತಿಗೆ ಅರ್ಧ ಎತ್ತರಕ್ಕೂ ಹೋಗುವುದಿಲ್ಲ, ಪೆಟ್ಟಿನ ಸಂಖ್ಯೆ ಏರುತ್ತದೆ, ಮೆತ್ತನೆ ಮಣ್ಣು ವರದಿಯಲ್ಲಿ ಗಟ್ಟಿಯಾಗುತ್ತದೆ. ವರದಿ ಓದುವ ಕಲೆ ಅಲ್ಲಿ ನಿಂತವರಿಗೇ ಬರುವುದು.

ಪಾಲಿಕೆಯಲ್ಲಿ ನೋಂದಣಿ ಮಾಡಿಸಿದ್ದೇನೆ. ಪರಿಚಯದ ಬಿಲ್ಡರ್ ಒಬ್ಬರು ‘ನಕ್ಷೆ ನಮ್ಮ ಹುಡುಗ ಮಾಡ್ತಾನೆ, ನೀವು ಸಹಿ ಹಾಕಿದ್ರೆ ಸಾಕು, ನಕ್ಷೆಗೆ ಇಷ್ಟು ಅಂತ ಕೊಡ್ತೀನಿ’ ಅಂದಿದ್ದಾರೆ. ಎಲ್ಲರೂ ಮಾಡೋದೇ ಅಲ್ವಾ? — ಭದ್ರಾವತಿ

ಬೇಡ.

ಮೇಲ್ವಿಚಾರಣೆ ಮಾಡುತ್ತೇನೆ ಎಂದು ಬರೆದುಕೊಟ್ಟ ಕಟ್ಟಡದಲ್ಲಿ ಸೆಂಟ್ರಿಂಗ್ ಕುಸಿದು ಯಾರಾದರೂ ಸತ್ತರೆ ಪೊಲೀಸರು ಮೊದಲು ತೆರೆಯುವುದು ನಕ್ಷೆಯ ಕಡತ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಸಜೆ ಹೇಳುತ್ತದೆ. ‘ನಾನು ಸೈಟ್‌ಗೆ ಹೋಗಿಯೇ ಇಲ್ಲ’ ಎಂಬುದು ನಿಮ್ಮನ್ನು ಕಾಪಾಡುವ ಮಾತಲ್ಲ, ನಿಮ್ಮ ವಿರುದ್ಧದ ಸಾಕ್ಷಿ.

ಅದೇ ಬಿಲ್ಡರ್‌ಗೆ ಸರಿಯಾದ ಕೆಲಸ ಮಾಡಿಕೊಡಬಹುದು. ನೇಮಕ ಪತ್ರದಲ್ಲಿ ನಿಮ್ಮ ಕೆಲಸ ಯಾವುದು, ಯಾವುದಲ್ಲ ಎಂದು ಬರೆಸಿ. ಮಣ್ಣಿನ ವರದಿ ಮತ್ತು ವಿನ್ಯಾಸದ ಲೆಕ್ಕ ಕೈಯಲ್ಲಿರಲಿ. ಪಾಯದ ಗುಂಡಿಯ ತಳ, ಪ್ಲಿಂತ್ ಬೀಮ್ ಕಂಬಿ, ಕಾಲಂ ಸ್ಟಾರ್ಟರ್, ಪ್ರತಿ ತಾರಸಿಯ ಕಂಬಿ, ಈ ಹಂತಗಳಲ್ಲಿ ನೀವು ನೋಡಿ ಬರೆದುಕೊಟ್ಟ ಮೇಲಷ್ಟೇ ಕಾಂಕ್ರೀಟ್ ಎಂದು ಮೊದಲೇ ಹೇಳಿ. ಕರೆಯದೆ ಕಾಂಕ್ರೀಟ್ ಹಾಕಿದರೆ, ಅಥವಾ ಬಿಟ್ಟ ಜಾಗಕ್ಕೆ ಕಟ್ಟಡ ಚಾಚಿದರೆ, ಮಾಲೀಕರಿಗೂ ಪಾಲಿಕೆಗೂ ಪತ್ರ ಬರೆದು ಹೊಣೆಯಿಂದ ಹಿಂದೆ ಸರಿಯಿರಿ, ಸ್ವೀಕೃತಿ ಇಟ್ಟುಕೊಳ್ಳಿ. ಇಷ್ಟಕ್ಕೆ ಒಪ್ಪದ ಬಿಲ್ಡರ್ ಬೇರೆಯವರನ್ನು ಹುಡುಕಿಕೊಳ್ಳಲಿ.

ಎಲ್ಲರೂ ಮಾಡುತ್ತಾರೆ ಎಂಬುದು ಅರ್ಧ ನಿಜ. ಸಂಬಳದಂತೆ ಬರುವ ಆ ದುಡ್ಡು ಬಿಡುವುದು ಸುಲಭವಲ್ಲ ಎಂಬುದೂ ಗೊತ್ತು. ಆದರೆ ಹತ್ತು ವರ್ಷ ಸಹಿ ಬಾಡಿಗೆಗೆ ಕೊಟ್ಟವರಿಗೆ ಒಂದು ಬೀಮ್‌ನ ಲೆಕ್ಕವೂ ನೆನಪಿರುವುದಿಲ್ಲ.

ಮಗಳು ಸಿವಿಲ್ ತಗೊಂಡಿದ್ದಾಳೆ. ಸೈಟ್ ಕೆಲಸ ಹೆಣ್ಣುಮಕ್ಕಳಿಗೆ ಆಗುತ್ತಾ ಅಂತ ನೆಂಟರೆಲ್ಲ ಕೇಳ್ತಾರೆ. — ಶಿಕಾರಿಪುರದ ಒಬ್ಬ ತಾಯಿ

ಆಗುತ್ತದೆ ಅಮ್ಮಾ. ನೆಂಟರಿಗೆ ಗೊತ್ತಿಲ್ಲದ ವಿಷಯ, ಈ ಓದಿನಲ್ಲಿ ಸೈಟ್ ಒಂದು ಭಾಗ ಅಷ್ಟೇ. ವಿನ್ಯಾಸ, ಎಸ್ಟಿಮೇಟ್ ಮತ್ತು ಬಿಲ್ಲಿಂಗ್, ಪ್ಲಾನಿಂಗ್, ಗುಣಮಟ್ಟ ಲ್ಯಾಬ್, ಬೋಧನೆ ಎಲ್ಲವೂ ಇವೆ. ಆದರೂ ಮೊದಲ ಎರಡು ವರ್ಷ ಅವಳು ಸೈಟ್‌ನಲ್ಲಿರುವುದೇ ಒಳ್ಳೆಯದು, ಸೈಟ್ ಕಾಣದವರ ನಕ್ಷೆ ಕಟ್ಟಲು ಬರುವುದಿಲ್ಲ. ಕೆಲಸ ಒಪ್ಪುವ ಮೊದಲು ಅವಳು ಹೋಗಿ ನೋಡಬೇಕಾದ್ದು: ಬಳಸುವಂಥ ಶೌಚಾಲಯ, ಹೆಲ್ಮೆಟ್ ಮತ್ತು ಅವಳ ಕಾಲಿಗೆ ಸರಿಹೊಂದುವ ಸುರಕ್ಷತಾ ಬೂಟು, ರಾತ್ರಿ ಕಾಂಕ್ರೀಟ್ ಇದ್ದ ದಿನ ಮನೆಗೆ ಬಿಡುವ ವಾಹನ, ದೂರು ಕೊಡಲು ಆಂತರಿಕ ಸಮಿತಿ. ಶೌಚಾಲಯದ ಸ್ಥಿತಿ ನೋಡಿದರೆ ಆ ಕಂಪನಿಯ ಉಳಿದ ಸುರಕ್ಷತೆ ಹೇಗಿದೆ ಎಂದು ಬಹುಮಟ್ಟಿಗೆ ತಿಳಿಯುತ್ತದೆ.

ಬೆಂಗಳೂರಿಗೆ ಹೋಗದೆ ಇಲ್ಲೇ ಇದ್ದು ದೊಡ್ಡ ಇಂಜಿನಿಯರ್ ಆಗೋಕೆ ಆಗಲ್ವಾ? ಕೆಪಿಎಸ್‌ಸಿಗೆ ಓದ್ತಾ ಕೂರೋದೊಂದೇ ದಾರಿನಾ? — ಹೊಸನಗರ

ನಾಲ್ಕೈದು ವರ್ಷ ಹೊರಗೆ ಹೋಗಿ ಬರುವುದರಲ್ಲಿ ಲಾಭವೇ ಇದೆ. ಆದರೆ ದೊಡ್ಡ ಕೆಲಸ ಇಲ್ಲಿಲ್ಲ ಎಂಬುದು ಸರಿಯಲ್ಲ. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಕಟ್ಟಿದ, 2 ಕಿ.ಮೀ.ಗೂ ಉದ್ದದ ಕೇಬಲ್ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದಿದೆ. ಸೋಗಾನೆಯ ವಿಮಾನ ನಿಲ್ದಾಣ 2023ರದ್ದು, ಅದರ ರನ್‌ವೇ 3,200 ಮೀಟರ್. ಹೊಸ ಕೆಲಸಕ್ಕಿಂತಲೂ ಹಳೆಯದರ ಆರೈಕೆಯಲ್ಲಿ ಮುಂದೆ ಹೆಚ್ಚು ಕೈಗಳು ಬೇಕಾಗುತ್ತವೆ. ಲಿಂಗನಮಕ್ಕಿ 1964ರದ್ದು, ಲಕ್ಕವಳ್ಳಿಯ ಭದ್ರಾ ಜಲಾಶಯವೂ ಅದೇ ಕಾಲದ್ದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮೊದಲೂ ಆಮೇಲೂ ತಪಾಸಣೆ ಕಡ್ಡಾಯ ಮಾಡಿದೆ. ಸೋರಿಕೆ ಅಳೆಯುವುದು, ಉಪಕರಣಗಳ ಓದು ದಾಖಲಿಸುವುದು, ಗೇಟ್ ಪರೀಕ್ಷೆ, ಇವನ್ನೆಲ್ಲ ಬಲ್ಲವರು ಕಡಿಮೆ.

ಕೆಪಿಎಸ್‌ಸಿ ಬರೆಯಿರಿ, ಆದರೆ ಬರೀ ಅದಕ್ಕಾಗಿ ಮನೆಯಲ್ಲಿ ಕೂರಬೇಡಿ. ಅಧಿಸೂಚನೆ ಯಾವ ವರ್ಷ ಬರುತ್ತದೋ, ಫಲಿತಾಂಶ ಎಷ್ಟು ಕಾಲಕ್ಕೋ. ಕನ್ನಡ ಭಾಷಾ ಪರೀಕ್ಷೆ ಕಡ್ಡಾಯ, ಇಂಗ್ಲಿಷ್ ಮಾಧ್ಯಮದವರು ಅದನ್ನು ಹಗುರವಾಗಿ ತೆಗೆದುಕೊಂಡು ಎಡವುತ್ತಾರೆ. ಕೆಲಸ ಮಾಡುತ್ತ ದಿನಕ್ಕೆ ಮೂರು ಗಂಟೆ ಓದಿದರೆ ಎರಡು ಸಲ ಪ್ರಯತ್ನಿಸುವಷ್ಟರಲ್ಲಿ ಕೈಯಲ್ಲಿ ಅನುಭವವೂ ಇರುತ್ತದೆ. ಎಸ್‌ಎಸ್‌ಸಿ ಮತ್ತು ರೈಲ್ವೆಯ ಕಿರಿಯ ಇಂಜಿನಿಯರ್ (ಜೆಇ) ಪರೀಕ್ಷೆಗಳ ಪಠ್ಯ ಬಹುಪಾಲು ಒಂದೇ, ಅವನ್ನೂ ಬರೆಯಿರಿ.

ವಿದೇಶಕ್ಕೆ ಹೋಗಲು ನಮ್ಮ ಬಿ.ಇ. ನಡೆಯುತ್ತದೆಯೇ? — ಸೊರಬ

ಭಾರತ 2014ರ ಜೂನ್‌ನಲ್ಲಿ, ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾಯಿತು. ಆದರೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆಯಲ್ಲಿ ಟಯರ್-1 ಪಡೆದ ಕೋರ್ಸ್‌ಗಳಿಗೆ ಮಾತ್ರ ಆ ಮನ್ನಣೆ. ಕಾಲೇಜಿಗೆ ಎನ್‌ಬಿಎ ಇದೆ ಎಂದರೆ ಸಾಲದು. ನಿಮ್ಮ ವಿಭಾಗಕ್ಕೆ, ನೀವು ಪಾಸಾದ ವರ್ಷಕ್ಕೆ, ಯಾವ ಟಯರ್ ಎಂದು ಎನ್‌ಬಿಎ ಜಾಲತಾಣದ ಪಟ್ಟಿಯಲ್ಲಿ ನೋಡಿ. ಅದರಲ್ಲಿ ಇಲ್ಲದಿದ್ದರೂ ಹೋಗಬಹುದು, ಅಲ್ಲಿನ ಸಂಸ್ಥೆ ನಿಮ್ಮ ಪಠ್ಯಕ್ರಮವನ್ನು ಒಂದೊಂದಾಗಿ ಪರಿಶೀಲಿಸುತ್ತದೆ. ಎಲ್ಲ ಸೆಮಿಸ್ಟರ್‌ಗಳ ಪಠ್ಯಕ್ರಮದ ಪ್ರತಿ ಈಗಲೇ ಇಳಿಸಿಟ್ಟುಕೊಳ್ಳಿ.

ಇಟ್ಯಾಬ್ಸ್ ಕೋರ್ಸಿಗೆ ಸೇರಲೇ, ರೆವಿಟ್‌ಗೆ ಸೇರಲೇ? — ಶಿವಮೊಗ್ಗ

ವಿನ್ಯಾಸಕ್ಕೆ ಹೋಗುವವರಿಗೆ ಇಟ್ಯಾಬ್ಸ್, ನಕ್ಷೆ ಮತ್ತು ಪ್ರಮಾಣ ಲೆಕ್ಕಕ್ಕೆ ಹೋಗುವವರಿಗೆ ರೆವಿಟ್. ಎರಡಕ್ಕೂ ಮೊದಲು 4 ಮೀಟರ್ ಅಂತರದ, ತುದಿಗಳು ಸುಮ್ಮನೆ ಆಧಾರದ ಮೇಲೆ ಕೂತ ಒಂದು ಸಾದಾ ಬೀಮ್‌ಗೆ ಮೀಟರ್‌ಗೆ 20 ಕಿಲೊನ್ಯೂಟನ್ ಭಾರ ಹಾಕಿ ಕೈಯಲ್ಲಿ ಮೊಮೆಂಟ್ ತೆಗೆಯಿರಿ. 40 ಕಿಲೊನ್ಯೂಟನ್-ಮೀಟರ್ ಬರಬೇಕು. ತಂತ್ರಾಂಶ 26.7 ತೋರಿಸಿದರೆ ತುದಿಗಳನ್ನು ಬಿಗಿಯಾಗಿ ಕೊಟ್ಟಿದ್ದೀರಿ ಎಂದರ್ಥ. ಇದು ನೋಡಿದೊಡನೆ ಹೊಳೆಯದಿದ್ದರೆ ಕೋರ್ಸಿನ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ.